ಮೌಲಾ ಭಾಯಿ ಕಂಡ ಕಾರ್ವಿ ಗುಡ್ಡ

1976ರ ಮಳೆಗಾಲದಲ್ಲಿ ನಾನು ಮುಂಬಯಿಯ ಬೊರಿವಲಿ ಕಾಡಿನಲ್ಲಿ ಗೈಡ್ ಆಗಿದ್ದೆ. ಪೂರ್ತಿ ಗೈಡ್ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ವಾರದ ಆರು ದಿನ ಪರೇಲಿನ ಒಂದು ಬಟ್ಟೆ ಗಿರಣಿಯ ಗೇಟಿನ ಮುಂದೆ ಬದಲಿ ಕೆಲಸಗಾರನಾಗಿ ನಿಲ್ಲುತ್ತಿದ್ದೆ. ಬದಲಿ ಅಂದರೆ, ಖಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ಆ ಒಂದು ದಿನ ಅವನ ಜಾಗದಲ್ಲಿ ನಿಲ್ಲುವವನು. ಎಲ್ಲರೂ ಬಂದರೆ ಬದಲಿಯವನು ಮನೆಗೆ ವಾಪಸು. ಏಳನೆಯ ದಿನ, ಭಾನುವಾರ, ವಿಲೆ ಪಾರ್ಲೆಯ ನಿಸರ್ಗ ಮಂಡಳಿಯೊಂದರ ಸದಸ್ಯರನ್ನು ಗುಡ್ಡ ಹತ್ತಿಸಿ, ಹಕ್ಕಿ, ಚಿಟ್ಟೆ, ಜಿಂಕೆ ತೋರಿಸಿ, ಯಾರನ್ನೂ ಕಳೆದುಕೊಳ್ಳದೆ ಬೊರಿವಲಿ ಸ್ಟೇಷನ್ನಿಗೆ ಮುಟ್ಟಿಸುವುದು ನನ್ನ ಕೆಲಸ.

ನಾವು ಬಿಜಾಪುರ ಕಡೆಯವರು. ನನ್ನ ಶಾಲೆ ನಾಲ್ಕನೇ ಇಯತ್ತೆಗೆ ನಿಂತಿತು. ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ಮಂಡಳಿಯ ಕಾರ್ಯದರ್ಶಿ ಸುಮತಿಬಾಯಿ ಅವರಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಧಾರವಾಡದವರು, ಪಾರ್ಲೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಕಾಡನ್ನು ನನಗೆ ಕಲಿಸಿದವನು ಮಾತ್ರ ನನ್ನ ಅಣ್ಣ ಮೌಲಾಸಾಬ. ನನಗೆ ಅವನು ಮೌಲಾ ಭಾಯಿ. ಈ ಬರಹ ಅವನ ಬಗ್ಗೆ, ಅವನಿಗೆ ನಾನು ಮಾಡಿದ ಒಂದು ಮೋಸದ ಬಗ್ಗೆ.

ಭಾಯಿ ಅದೇ ಗಿರಣಿಯ ಸಾಚಾ ಖಾತೆಯಲ್ಲಿ, ಅಂದರೆ ಮಗ್ಗಗಳ ವಿಭಾಗದಲ್ಲಿ, ಖಾಯಂ ನೇಕಾರ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಪಕ್ಕದವನು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯ ಜನ ತುಟಿ ನೋಡಿ ಮಾತು ತಿಳಿಯುತ್ತಾರೆ, ಕೈಯಿಂದ ಸನ್ನೆ ಮಾಡುತ್ತಾರೆ. ನೂಲು ಹರಿದರೆ ಎರಡು ಬೆರಳಿನ ಕತ್ತರಿ. ಜಾಬರ್, ಅಂದರೆ ಮೇಲ್ವಿಚಾರಕ, ಬರುತ್ತಿದ್ದರೆ ಮೀಸೆ ತಿರುವುವುದು. ಮೀಸೆ ಇಲ್ಲದವರೂ ತಿರುವಬೇಕು. ಮನೆಯಲ್ಲಿ ನಾವು ದಖನಿ ಉರ್ದು ಆಡುತ್ತಿದ್ದೆವು, ನಾವಿದ್ದ ಚಾಳಿನಲ್ಲಿ, ಅಂದರೆ ಕೆಲಸಗಾರರ ವಠಾರದಲ್ಲಿ, ಮರಾಠಿ. ಆದರೆ ಮಗ್ಗಗಳ ನಡುವೆ ಭಾಯಿ ನನಗೆ ಕಲಿಸಿದ ತುಟಿಮಾತು ಕನ್ನಡದ್ದು. ಕಾರಣ ಇಷ್ಟೇ: ಜಾಬರನಿಗೆ ಕನ್ನಡ ಬರುತ್ತಿರಲಿಲ್ಲ. ನಾವು ಅವನ ಎದುರಿಗೇ ಅವನನ್ನು ಬೈದು ಸಲಾಮು ಹೊಡೆಯುತ್ತಿದ್ದೆವು.

"ತುಟಿ ದೊಡ್ಡದು ಮಾಡಿ ಆಡು. ಅಕ್ಷರ ಒಂದೊಂದೂ ಕಾಣಬೇಕು," ಎಂದು ಭಾಯಿ ನನ್ನನ್ನು ತಿದ್ದಿದ್ದ. ಆ ರೂಢಿ ಗಿರಣಿಯ ಹೊರಗೂ ಉಳಿಯಿತು. ಮೊದಲ ಸಲ ನಾನು ಜನರಿಗೆ ಕಾಡಿನೊಳಗಿನ ಕನ್ಹೇರಿ ಗುಡ್ಡ ತೋರಿಸಿ ವಿವರಿಸಿದ ದಿನ ಸುಮತಿಬಾಯಿ ನಗು ತಡೆಯಲಾರದೆ ಕೇಳಿದ್ದರು, "ಯಾಕೋ ದಸ್ತಗೀರ, ಕಂಪನಿ ನಾಟಕದಾಗ ರಾಜನ ಪಾರ್ಟ್ ಮಾಡಿದ್ಯೇನು? ಇಷ್ಟ್ಯಾಕ ಬಾಯಿ ತೆಗೀತಿ?"

ಭಾಯಿಗೂ ಭಾನುವಾರವೇ ರಜೆ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಮೊದಲ ಬೊರಿವಲಿ ಲೋಕಲ್ ಹತ್ತಿ ಅವನೂ ನಮ್ಮ ಜೊತೆ ಬರುತ್ತಿದ್ದ. ಮಂಡಳಿಯವರು ಅವನನ್ನು ಕರೆದಿರಲಿಲ್ಲ. ಅವನಿಗೆ ಕಾಡು ಬೇಕಾಗಿತ್ತು, ಬರುತ್ತಿದ್ದ. ನಾನು ಮುಂದೆ ಮಾತಾಡುತ್ತಾ ನಡೆಯುತ್ತಿದ್ದೆ, ಅವನು ಪಕ್ಕದ ಇಳಿಜಾರಿನಲ್ಲಿ ಸುಮ್ಮನೆ ನಡೆಯುತ್ತಿದ್ದ. ನನಗೆ ಎಲೆ ಕಾಣುವ ಕಡೆ ಅವನಿಗೆ ಎಲೆಯ ಹಾಗೆ ಕುಳಿತ ಚಿಟ್ಟೆ ಕಾಣುತ್ತಿತ್ತು. ಒಮ್ಮೆ ಅಂಗೈಗಿಂತ ದೊಡ್ಡದಾದ ಕಂದು ಪತಂಗವನ್ನು ಮರದ ತೊಗಟೆಯ ಮೇಲಿಂದ ಹುಡುಕಿ ತೋರಿಸಿದಾಗ ಅಂಧೇರಿಯ ಶೆಣೈ ಮಾಮ ಎರಡು ಹೆಜ್ಜೆ ಹಿಂದೆ ಜಿಗಿದಿದ್ದರು. ಶೆಣೈ ಮಾಮ ಕಾರ್ಕಳ ಕಡೆಯವರು, ಬ್ಯಾಂಕಿನ ನೌಕರಿ, ಮಂಡಳಿಯ ಅತಿ ಉತ್ಸಾಹಿ ಸದಸ್ಯರು. ಅವರ ಚೀಲದಲ್ಲಿ ದುರ್ಬೀನಿಗಿಂತ ಹೆಚ್ಚಾಗಿ ಇಡ್ಲಿ ಇರುತ್ತಿತ್ತು. ಅದು ನಮಗಿಂತ ಮೊದಲು ಕನ್ಹೇರಿಯ ಮುಸುವಗಳಿಗೆ ಗೊತ್ತಾಗಿತ್ತು.

ಗಿರಣಿಯ ಸನ್ನೆಗಳು ಕಾಡಿಗೂ ಬಂದವು. ಕತ್ತರಿ ಬೆರಳು ತೋರಿಸಿದರೆ ಎಲ್ಲರೂ ನಿಲ್ಲಬೇಕು. ಮೀಸೆ ತಿರುವಿದರೆ ಹತ್ತಿರದಲ್ಲಿ ಚಿರತೆಯ ಗುರುತಿದೆ ಎಂದು ಅರ್ಥ.

"ಚಿರತೆಗೂ ಜಾಬರನಿಗೂ ಎಂಥ ಸಂಬಂಧ ಮಾರಾಯ?" ಎಂದು ಶೆಣೈ ಮಾಮ ಕೇಳಿದರು.

"ಎರಡೂ ಸಪ್ಪಳಿಲ್ಲದ ಬರ್ತಾವ್ರಿ," ಎಂದ ಭಾಯಿ.

ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ನಡಿಗೆಗೆ ಸುಮತಿಬಾಯಿ ಒಂದು ವಹಿ ತರುತ್ತಿದ್ದರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕಂಡ ಹಕ್ಕಿ, ಪ್ರಾಣಿ, ಗಿಡದ ಹೆಸರನ್ನು ಒಂದು ಕಡೆ ಬರೆದು, ಎದುರಿಗೆ ಅದನ್ನು ಮೊದಲು ಕಂಡವರ ಹೆಸರು ಬರೆಯುವುದು. ಪ್ರೊಫೆಸರ್ ಕಂಡಿದ್ದರೆ ಪ್ರೊಫೆಸರ್, ನೇಕಾರ ಕಂಡಿದ್ದರೆ ನೇಕಾರ. ಇದರಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ಸುಳ್ಳು ಹೇಳಿ ಪಡೆಯುವಂಥದ್ದೂ ಅದರಲ್ಲಿ ಏನೂ ಇರಲಿಲ್ಲ, ಆ ವರ್ಷದವರೆಗೆ.

ಆ ವರ್ಷ ಕಾರ್ವಿ ಅರಳುವ ವರ್ಷ. ಕಾರ್ವಿ ಎಂದರೆ ಸಹ್ಯಾದ್ರಿಯ ಇಳಿಜಾರುಗಳಲ್ಲಿ ಆಳೆತ್ತರ ಬೆಳೆಯುವ ಪೊದೆ. ಕಾಡಿನೊಳಗಿನ ವಾರ್ಲಿ ಜನರ ಮನೆಗೋಡೆಗಳು ಅದರ ಕಡ್ಡಿಯವೇ. ಏಳು ವರ್ಷ ಅದು ಹೂ ಬಿಡದೆ ಹಸಿರಾಗಿ ನಿಲ್ಲುತ್ತದೆ, ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ನೀಲಿ ನೇರಳೆ ಹೂವಾಗುತ್ತದೆ, ಬೀಜ ಕಟ್ಟಿ ಸಾಯುತ್ತದೆ. ಇಡೀ ಕಾಡು ಒಂದೇ ದಿನ ಅರಳುವುದಿಲ್ಲ. ಯಾವ ಇಳಿಜಾರು ಮೊದಲು ಎಂದು ತಿಳಿದವನು ಕಾಡನ್ನು ತಿಳಿದವನು. ಸುಮತಿಬಾಯಿ ಹಿಂದಿನ ಸಲ ಧಾರವಾಡದಲ್ಲಿದ್ದರು, ಕಾರ್ವಿಯ ಹೂವನ್ನು ಜೀವಂತ ನೋಡಿಯೇ ಇರಲಿಲ್ಲ. ಭಾಯಿ ನೋಡಿದ್ದ. 1968ರಲ್ಲಿ ಅವನ ಮಗಳು ಶಾಹೀನ ಹುಟ್ಟಿದ ಮೊದಲ ಭಾನುವಾರ, ಖುಷಿ ತಡೆಯಲಾಗದೆ ಎಲ್ಲಿಗೋ ನಡೆಯುತ್ತಾ ಕನ್ಹೇರಿಯ ಹಿಂದಿನ ಒಂದು ಇಳಿಜಾರಿಗೆ ಹೋಗಿ ನಿಂತಿದ್ದನಂತೆ. ಅದಿಷ್ಟೇ ಅರಳಿತ್ತಂತೆ, ಉಳಿದ ಗುಡ್ಡಗಳೆಲ್ಲ ಹಸಿರು.

"ಶಾಹೀನಗ ಎಂಟು ತುಂಬಾಕ ಬಂತು. ಅಂದ್ರ ಗುಡ್ಡಕ್ಕೂ ಎಂಟು," ಎಂದು ಅವನು ಜೂನ್‌ನಿಂದಲೇ ಹೇಳತೊಡಗಿದ.

ನಾನು ಒಪ್ಪಲಿಲ್ಲ. ತುಳಸಿ ಕೆರೆಯ ಕಡೆಯ ಇಳಿಜಾರಿಗೆ ಬಿಸಿಲು ಹೆಚ್ಚು, ಅಲ್ಲೇ ಮೊದಲು ಎಂದು ವಾದಿಸಿದೆ. ಅವನು ನಕ್ಕು, "ಆಯ್ತು, ನೀ ಕೆರೀ ಕಾಯಿ, ನಾ ಗುಡ್ಡ ಕಾಯ್ತೀನಿ," ಎಂದ.

ಅದೇ ಜುಲೈನಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು, ಭಾಯಿಯ ಎಡಗಿವಿ ಪೂರ್ತಿ ಹೋಯಿತು. ಪರೇಲಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಬಲಗಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಮಗ್ಗದ ಗದ್ದಲ ಬಿಟ್ಟರೆ ಅಷ್ಟಾದರೂ ಉಳಿಯಬಹುದು, ಬಿಡದಿದ್ದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಹೊರಗೆ ಬಂದು ಭಾಯಿ ಹೇಳಿದ್ದು ಒಂದೇ ಮಾತು: "ಸಿಳ್ಳಿ ಹಕ್ಕಿದು ಕೇಳ್ತೈತಲ್ಲ ಇನ್ನೂ, ಅದಷ್ಟ ಉಳದ್ರ ಸಾಕು." ಮಳೆಗಾಲದಲ್ಲಿ ಹಳ್ಳದ ಪಕ್ಕ ಒಂದು ಕಪ್ಪುನೀಲಿ ಹಕ್ಕಿ ಕೂತು, ಕೆಲಸವಿಲ್ಲದ ಮನುಷ್ಯ ಗೊತ್ತುಗುರಿ ಇಲ್ಲದೆ ಸಿಳ್ಳೆ ಹಾಕಿದ ಹಾಗೆ ಹಾಡುತ್ತದೆ. ಇಂಗ್ಲಿಷಿನಲ್ಲಿ ವಿಸ್ಲಿಂಗ್ ಥ್ರಷ್. ಭಾಯಿಗೆ ಅದರ ಹುಚ್ಚು.

ಎರಡನೆಯದು, ಸುಮತಿಬಾಯಿ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ ಮಾತು. "ದೀಪಾವಳಿಯಿಂದ ಮಂಡಳಿಗೆ ಖಾಯಂ ಗೈಡ್ ಬೇಕಾಗೇದ. ಸಾಲಿ ಹುಡುಗರು ಬರ್ತಾರ, ಹೊರಗಿನವರು ಬರ್ತಾರ. ಆದ್ರ ಒಬ್ಬರಿಗೇ ಜಾಗಾ ಅದ. ಮೌಲಾಸಾಬಗ ಕೇಳೂದಿಲ್ಲ ಅಂತ ಕಮಿಟಿಯವರ ತಕರಾರು. ನಾ ಅವರಿಗೆ ಈ ವಹಿ ತೋರಸ್ತೀನಿ. ಕಾರ್ವಿ ಮುಂದ ಯಾರ ಹೆಸರು ಬರ್ತದೋ ಅವರನ್ನ ತಗೋರಿ ಅಂತ ಹೇಳ್ತೀನಿ."

ನಾನು ಅದನ್ನು ಭಾಯಿಗೆ ತುಟಿಯಲ್ಲಿ ತಿಳಿಸಿದೆ. ಅವನ ಮುಖ ಅರಳಿತು. "ಸಿಕ್ರ ಮರುದಿನಾನ ಮಿಲ್ ಬಿಡ್ತೀನಿ," ಎಂದ.

ನನ್ನ ಆಸೆಯನ್ನು ಅವನಿಗೆ ಹೇಳಲಿಲ್ಲ. ಆಗ ನನಗೆ ಮದುವೆಯಾಗಿ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಂತು, ಇವತ್ತು ಯಾರಾದರೂ ಜ್ವರದಿಂದ ಮಲಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ನನಗೆ ನನ್ನ ಮೇಲೇ ಹೇಸಿಗೆಯಾಗಿತ್ತು.

ಆಗಸ್ಟ್ ಕೊನೆಗೆ ನನ್ನ ಕೆರೆಯ ಇಳಿಜಾರು ಮೊಗ್ಗನ್ನೂ ಬಿಟ್ಟಿರಲಿಲ್ಲ. ಒಂದು ಭಾನುವಾರ ಭಾಯಿ ಕಾರ್ವಿಯ ಮೊಗ್ಗು ಹಿಸುಕಿದ ಬೆರಳುಗಳನ್ನು ಮೂಸುತ್ತಾ ತನ್ನ ಗುಡ್ಡದಿಂದ ಇಳಿದು ಬಂದು, "ಮುಂದಿನ ವಾರ ಕರ್ಕೊಂಡ ಬಾ ನಿಮ್ಮ ಜನಾನ," ಎಂದ. ಅವನು ಬೇರೆ ಯಾರಿಗೂ ಹೇಳಲಿಲ್ಲ. ಅವರೆಲ್ಲ ಒಮ್ಮೆಲೇ ನೋಡಿ ಬೆರಗಾಗಬೇಕೆಂದು ಅವನ ಆಸೆ. ನನ್ನ ಮೋಸಕ್ಕೆ ದಾರಿಯಾದದ್ದೂ ಅದೇ.

ಮುಂದಿನ ಭಾನುವಾರ ಹದಿನಾಲ್ಕು ಜನ ಬಂದರು. ಕನ್ಹೇರಿಯ ಗುಹೆಗಳನ್ನು ದಾಟಿ, ಜಾರುವ ಬಂಡೆಯ ಮೇಲೆ ಶೆಣೈ ಮಾಮನನ್ನು ಹಿಂದಿನಿಂದ ತಳ್ಳುತ್ತಾ ಮೇಲೆ ಹತ್ತಿದೆವು. "ತಳ್ಳು, ತಳ್ಳು, ನನ್ನನ್ನಲ್ಲ ಮಾರಾಯ, ಮೊದಲು ಚೀಲ!" ಎನ್ನುತ್ತಿದ್ದರು. ಭಾಯಿ ಆಗಲೇ ಮುಂದೆ ಹೋಗಿದ್ದ. ಏರು ಮುಗಿದು ತಿರುವಿಗೆ ಬಂದೆವು. ಮೋಡ ಅದೇ ಸಮಯಕ್ಕೆ ಸರಿಯಿತು.

ಇಡೀ ಇಳಿಜಾರು ನೀಲಿಯಾಗಿತ್ತು. ನಮ್ಮ ತಲೆಗಿಂತ ಎತ್ತರಕ್ಕೆ ಹೂ. ಜೇನುನೊಣಗಳ ಮೊರೆತಕ್ಕೆ ಗುಡ್ಡವೇ ಗುನುಗಿದ ಹಾಗಿತ್ತು. ಕೆಳಗಿನ ಹಳ್ಳದಿಂದ ಸಿಳ್ಳೆ ಹಕ್ಕಿಯ ಹಾಡು ಏರಿ ಬರುತ್ತಿತ್ತು. ಶೆಣೈ ಮಾಮ ಇಡ್ಲಿಯ ಡಬ್ಬಿ ತೆಗೆದವರು ಮುಚ್ಚಳ ಹಾಕಿ ಮತ್ತೆ ಒಳಗಿಟ್ಟರು, ಅವರು ಹಾಗೆ ಮಾಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಇಪ್ಪತ್ತು ಹೆಜ್ಜೆ ಮೇಲೆ ಭಾಯಿ ಒಂದು ಟೊಂಗೆ ಬಗ್ಗಿಸಿ ಹಿಡಿದು, ಹಕ್ಕಿ ಕೂಗಿದ ಕಡೆಗೆ ಬಲಗಿವಿ ತಿರುಗಿಸಿ ನಿಂತಿದ್ದ.

ಸುಮತಿಬಾಯಿ ಕನ್ನಡಕ ಒರೆಸಿಕೊಂಡರು. ವಹಿ ಬಿಚ್ಚಿದರು. "ಹೇಳೋ ದಸ್ತಗೀರ, ಇದನ್ನ ಮೊದಲ ಕಂಡವರು ಯಾರು? ಬರೀತೀನಿ."

ನಾನು ಮೇಲೆ ನೋಡಿದೆ. ಇಪ್ಪತ್ತು ಹೆಜ್ಜೆ ದೂರ, ಹೋದ ಕಿವಿ ನಮ್ಮ ಕಡೆಗೆ. ಕೇಳುವುದಿಲ್ಲ ಎಂದುಕೊಂಡೆ.

"ನಾನ ಬಾಯಾರ," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಜೂನ್‌ದಿಂದ ಕಾಯಾಕತ್ತಿದ್ದೆ. ಇದು ನನ್ನ ಗುಡ್ಡ."

ಅವರು ಬರೆದರು. ನಾನು ತಲೆ ಎತ್ತಿದಾಗ ಭಾಯಿ ನಮ್ಮ ಕಡೆ ಮುಖ ಮಾಡಿ ನಗುತ್ತಿದ್ದ. ಟೊಂಗೆ ಮಾತ್ರ ಅವನ ಕೈಯಿಂದ ಬಿಟ್ಟುಹೋಗಿತ್ತು, ಅಲ್ಲಾಡುತ್ತಿತ್ತು.

ದೀಪಾವಳಿಗೆ ನನಗೆ ಕೆಲಸ ಖಾಯಂ ಆಯಿತು. ಭಾಯಿ ಚಾಳಿನವರಿಗೆಲ್ಲ ಪೇಡೆ ಹಂಚಿದ. ನನಗೆ ಹೊಸ ಬೂಟು ತಂದುಕೊಟ್ಟ. "ಗೈಡ್ ಸಾಹೇಬರ ಕಾಲು ಜಾರಬಾರದು," ಎಂದು ಎಲ್ಲರೆದುರು ಚೇಷ್ಟೆ ಮಾಡಿದ. ತಾನು ಸಾಚಾ ಖಾತೆಯಲ್ಲೇ ಉಳಿದ. ವಹಿಯಲ್ಲಿ ಹೆಸರು ಯಾಕೆ ತನ್ನದಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಕಮಿಟಿಯವರು ಕಿವಿಯ ಕಾರಣಕ್ಕೆ ಬೇಡವೆಂದಿರಬೇಕು ಎಂದು ಅವನು ತಿಳಿದುಕೊಂಡಿದ್ದಾನೆ ಎಂದೇ ನಾನು ಸಮಾಧಾನ ಮಾಡಿಕೊಂಡೆ. ಅವನ ಕೆಲಸ ಖಾಯಂ, ನನ್ನದು ಬದಲಿ, ಅವನಿಗೇನು ಕಡಿಮೆ ಎಂದೂ ಹೇಳಿಕೊಂಡೆ. ಡಾಕ್ಟರರ ಮಾತು ನೆನಪಾದಾಗಲೆಲ್ಲ ಬೂಟಿನ ಲೇಸು ಬಿಗಿಮಾಡುತ್ತಿದ್ದೆ.

1977ರ ಮಳೆ ಬಂತು. ಮೊದಲ ನಡಿಗೆಗೆ ಭಾಯಿಯೂ ಬಂದ. ಹಳ್ಳದ ಹತ್ತಿರ ಹೋಗುತ್ತಿದ್ದ ಹಾಗೆ ಸಿಳ್ಳೆ ಹಕ್ಕಿ ಹಾಡಿತು, ಬಹಳ ಹತ್ತಿರದಿಂದ. ನಾನು ಕತ್ತರಿ ಬೆರಳು ಎತ್ತಿದೆ, ಎಲ್ಲರೂ ನಿಂತರು. ಭಾಯಿಯೂ ನಿಂತ. ಆದರೆ ಹಕ್ಕಿಯ ಕಡೆಗೆ ತಿರುಗಲಿಲ್ಲ. ನನ್ನ ಕಡೆ ನೋಡುತ್ತಾ, ದನಿಯಿಲ್ಲದೆ ಕೇಳಿದ.

"ಕೂಗಾಕತ್ತೈತೇನು?"

ಹೌದೆಂದು ತಲೆಯಾಡಿಸಿದೆ.

ಅವನು ಸ್ವಲ್ಪ ಹೊತ್ತು ಹಳ್ಳ ನೋಡಿದ. ಆಮೇಲೆ ತುಟಿ ದೊಡ್ಡದು ಮಾಡಿ, ಒಂದೊಂದು ಅಕ್ಷರವೂ ಕಾಣುವಂತೆ ಹೇಳಿದ: "ಹ್ವಾದ ವರ್ಷ, ನೀ 'ನನ್ನ ಗುಡ್ಡ' ಅಂದ ದಿನಾನೂ ಕೂಗಿತ್ತು. ಅವತ್ತು ಚೊಲೋ ಕೇಳಿತ್ತು ನೋಡು."

ಹಕ್ಕಿ ಹಾಡುತ್ತಲೇ ಇತ್ತು. ಇಪ್ಪತ್ತು ಹೆಜ್ಜೆ ದೂರದಿಂದ ಮಗ್ಗದ ಸಾಲು ದಾಟಿ ತುಟಿ ಓದುವ ನೇಕಾರ ಅವನು. ಜಗತ್ತಿನಲ್ಲಿ ಅವನಿಗೆ ಅತ್ಯಂತ ಸಲೀಸಾಗಿ ಓದಲು ಬರುವ ತುಟಿ ನನ್ನದು, ಅದೂ ಕನ್ನಡ ಆಡುವಾಗ. ತಿದ್ದಿ ಕಲಿಸಿದವನೇ ಅವನು. ಅದೇ ಶೆಡ್ಡಿನಲ್ಲಿ ನಿಂತ ನಾನು, ಕಿವಿ ಹೋದವನಿಗೆ ಮಾತು ತಿಳಿಯುವುದಿಲ್ಲ ಎಂದು ನಂಬಿ ಬಾಯಿ ಪೂರ್ತಿ ತೆಗೆದು ಸುಳ್ಳು ಹೇಳಿದ್ದೆ.

"ಗೊತ್ತಿದ್ದೂ ಯಾಕ ಸುಮ್ನಿದ್ದಿ ಭಾಯಿ?"

"ಹದಿನೆಂಟು ವರ್ಷ ಜಾಬರನ ಬೈಗಳ ಓದೀನಿ, ನಿನ್ನ ಒಂದು ಸುಳ್ಳು ನುಂಗಾಕ ಆಗಲ್ಲೇನು?" ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, "ದಿನಾ ಪಾಳಿಗೆ ಒಳಗ ಹೋಗೂಮುಂದ ನೀ ಗೇಟಿನ್ಯಾಗ ನಿಂತಿದ್ದು ಕಾಣ್ತಿತ್ತು. ನನಗದು ನೋಡಾಕ ಆಗ್ತಿರಲಿಲ್ಲೋ. ಕೇಳಿದ್ರ ನಾನ ಕೊಡ್ತಿದ್ದೆ. ನೀ ಕೇಳಲಿಲ್ಲ, ಅದೊಂದ ಬ್ಯಾಸರ."

ಆ ದಿನ ಜನರನ್ನು ಸ್ಟೇಷನ್ನಿಗೆ ಮುಟ್ಟಿಸಿ, ನಾನು ಪಾರ್ಲೆಯಲ್ಲಿ ಇಳಿದು ಸುಮತಿಬಾಯಿ ಅವರ ಮನೆಗೆ ಹೋದೆ. ಅವರು ಒದ್ದೆ ಸೀರೆ ಬದಲಿಸಿ ಚಹಾ ಕುಡಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಡಾಕ್ಟರರ ಮಾತನ್ನೂ ಸೇರಿಸಿ. ಕೆಲಸ ಬಿಡುತ್ತೇನೆ, ಅಣ್ಣನಿಗೆ ಕೊಡಿ ಎಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ವಹಿಯೊಳಗ ಹೆಸರು ತಪ್ಪಿದ್ರ ತಿದ್ದಬಹುದು," ಎಂದರು. "ಕಿವಿ ಹ್ಯಾಂಗ ತಿದ್ದಲೋ?"

ಎದ್ದು ಹೋಗಿ ವಹಿ ತಂದು ಆ ಪುಟ ತೆಗೆದರು. ಪೆನ್ನು ನನ್ನ ಕೈಗೆ ಕೊಟ್ಟರು. "ನೀನ ಬರಿ."

ನನ್ನ ಹೆಸರಿನ ಮೇಲೆ ಗೀಟು ಎಳೆದು, ನಾಲ್ಕನೇ ಇಯತ್ತೆಯ ಅಕ್ಷರಗಳಲ್ಲಿ ಮೌಲಾಸಾಬ ಎಂದು ಬರೆದೆ. 'ಮೌ' ಸರಿಯಾಗಿ ಬರಲಿಲ್ಲ, ಮತ್ತೊಮ್ಮೆ ಬರೆದೆ.

"ಕೆಲಸಾ ಬಿಡೂದೇನೂ ಬ್ಯಾಡ," ಎಂದರು ಅವರು. "ಅವಗ ಕಾಣ್ತದ, ನಿನಗ ಮಾತು ಬರ್ತದ. ಇಬ್ಬರನ್ನೂ ತಗೋರಿ ಅಂತ ನಾ ಮೊದಲ ಹೇಳಬೇಕಿತ್ತು. ತಪ್ಪು ನಂದೂ ಅದ, ನಾ ಆಗ ಕಮಿಟಿ ಜೊತಿ ಜಗಳಾಡಲಿಲ್ಲ. ಈಗ ಆಡ್ತೀನಿ."

ಅವರು ಆಡಿದ ಜಗಳ ಹೇಗಿತ್ತೋ ನಾನು ನೋಡಲಿಲ್ಲ. ಶೆಣೈ ಮಾಮ ನೋಡಿದ್ದರು. "ಮೀಸೆ ಇಲ್ಲ ಅಷ್ಟೇ ಮಾರಾಯ, ಬಾಕಿ ಎಲ್ಲ ಚಿರತೆ!" ಎಂದು ವರದಿ ಕೊಟ್ಟರು. ಆ ವರ್ಷದ ದೀಪಾವಳಿಗೆ ಭಾಯಿಯೂ ಮಂಡಳಿಯ ಖಾಯಂ ಗೈಡ್ ಆದ, ಗಿರಣಿ ಬಿಟ್ಟ. ಮಂಡಳಿಯಲ್ಲಿ ಹೊಸದೊಂದು ನಡಿಗೆ ಶುರುವಾಯಿತು, ಮಾತಿಲ್ಲದ ನಡಿಗೆ. ಸ್ಟೇಷನ್ನಿನಲ್ಲೇ ಎಲ್ಲರಿಗೂ ಹತ್ತು ಸನ್ನೆ ಕಲಿಸುವುದು, ಕಾಡಿನ ಗೇಟು ದಾಟಿದ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ಮುಂದೆ ಭಾಯಿ, ಹಿಂದೆ ನಾನು. ನಾನು ಬಾಯಿ ಮಾಡಿಕೊಂಡು ವರ್ಷಗಟ್ಟಲೆ ತೋರಿಸಿದ್ದಕ್ಕಿಂತ ಹೆಚ್ಚು ಪ್ರಾಣಿಗಳನ್ನು ಜನ ಅವನ ಹಿಂದೆ ಸುಮ್ಮನೆ ನಡೆದು ಕಂಡರು. ಮಂಡಳಿಯಲ್ಲಿ ಯಾರಿಗೂ ಅಲ್ಲಿಯವರೆಗೆ ಚಿರತೆ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಭಾಯಿ ಮೀಸೆ ತಿರುವಿದ. ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಾ ಚಿರತೆ ನಮ್ಮ ಹನ್ನೊಂದು ಜನರನ್ನು ನೋಡಿತು, ಆಕಳಿಸಿತು, ಎದ್ದು ಹೋಯಿತು. ಹನ್ನೊಂದು ಜನರೂ ಮೀಸೆ ತಿರುವುತ್ತಾ ನಿಂತಿದ್ದೆವು.

ಕಿವಿ ಮಾತ್ರ ವಾಪಸು ಬರಲಿಲ್ಲ. ಪ್ರತಿ ಮಳೆಗಾಲ ಹಳ್ಳದ ಹತ್ತಿರ ಸಿಳ್ಳೆ ಹಕ್ಕಿ ಹಾಡಿದಾಗ ಭಾಯಿ ತೋಳು ಮುಂದೆ ಮಾಡುತ್ತಾನೆ. ನಾನು ಅವನ ಮಣಿಕಟ್ಟಿನ ಮೇಲೆ ಬೆರಳಿನಿಂದ ಆ ಹಾಡನ್ನು ಏರಿಸಿ ಇಳಿಸಿ ತಟ್ಟುತ್ತೇನೆ. ಅವನು ಕಣ್ಣು ಮುಚ್ಚಿ ತಲೆದೂಗುತ್ತಾನೆ. "ತಾಳ ತಪ್ಪಿದಿ," ಎಂದು ಬೈಯುತ್ತಾನೆ. ಆ ಹಕ್ಕಿಗೆ ತಾಳವೇ ಇಲ್ಲ ಎಂದು ಇಬ್ಬರಿಗೂ ಗೊತ್ತು.

ಈಗ ಇಬ್ಬರೂ ನಿವೃತ್ತರು. ಶಾಹೀನ ಬರೆದಿಡು ಚಾಚಾ ಎಂದಳು, ಬರೆದೆ. ಗೈಡ್ ಕೆಲಸಕ್ಕೆ ಹೊಸದಾಗಿ ಬರುವವರು ಏನಾದರೂ ಹೇಳಿ ಎಂದಾಗ ನಾನು ಹೇಳುವುದು ಒಂದೇ: ಕಾಡಿನಲ್ಲಿ ಏನು ತೋರಿಸಿದರೂ, ಅದನ್ನು ಮೊದಲು ಕಂಡವರ ಹೆಸರನ್ನು ಸೇರಿಸಿಯೇ ತೋರಿಸಿ. ಅವರಿಗೆ ಕೇಳಿಸುವುದಿಲ್ಲ ಎಂದು ಬಿಡಬೇಡಿ.

ಕೊನೆಗೊಂದು ಹಳೆಯ ಮಾತು. ಅರಳಿ ಸತ್ತ ಕಾರ್ವಿಯ ಒಣ ಕಡ್ಡಿಗಳ ನಡುವೆ ಹೊಸ ಸಸಿಗಳು ಮೊಳಕಾಲೆತ್ತರ ಬಂದಿದ್ದ ಕಾಲ. ಭಾಯಿ ಖಾಯಂ ಆದ ಮೇಲೆ ಮೊದಲ ಸಲ ಆ ತಿರುವಿಗೆ ಜನರನ್ನು ಕರೆದುಕೊಂಡು ಹೋಗಿದ್ದೆವು. ನಾನು ಜನರಿಗೆ ಬೆನ್ನು ಹಾಕಿ ಅವನ ಕಡೆ ತಿರುಗಿ ನಿಂತೆ. ತುಟಿ ದೊಡ್ಡದು ಮಾಡಿ, ಒಂದೊಂದು ಅಕ್ಷರವೂ ಕಾಣುವಂತೆ ಹೇಳಿದೆ: "ಇದು ನಮ್ಮಣ್ಣ ಮೌಲಾಸಾಬ ಕಂಡ ಗುಡ್ಡ."

ಭಾಯಿ ಮೂರು ಹೆಜ್ಜೆ ದೂರದಲ್ಲಿದ್ದ, ನಡುವೆ ಒಂದು ಎಲೆಯೂ ಅಡ್ಡ ಇರಲಿಲ್ಲ. ಹುಬ್ಬಿನ ಮೇಲೆ ಕೈ ಮರೆ ಹಿಡಿದು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ.

"ಏನಂದಿ? ಸರಿ ಕಾಣಲಿಲ್ಲ," ಎಂದ. "ಇನ್ನೊಮ್ಮೆ ಹೇಳು."